ನಾಯಿಮರಿಯ ಹುಳು ಮಗುವಿಗೂ ಬರುತ್ತದೆಯೇ?

ಪ್ರಶ್ನೆ: ಮನೆಗೆ ತಂದ ಐದು ವಾರದ ನಾಯಿಮರಿಯ ಮಲದಲ್ಲಿ ಶಾವಿಗೆಯಂಥ ಬಿಳಿ ಹುಳುಗಳು ಕಂಡವು. ಮೂರು ವರ್ಷದ ಮಗಳು ಸದಾ ಅದರ ಜೊತೆಗೇ ಇರುತ್ತಾಳೆ. ಮರಿಯನ್ನು ವಾಪಸ್ ಕೊಡಬೇಕೇ?

ಉತ್ತರ: ಖಂಡಿತ ಬೇಡ. ಆದರೆ ಔಷಧ ಇವತ್ತೇ ಶುರುವಾಗಲಿ. ನೀವು ಕಂಡದ್ದು ಬಹುಶಃ ಟಾಕ್ಸೊಕಾರಾ ಎಂಬ ದುಂಡುಹುಳು. ತಾಯಿಯ ಹೊಟ್ಟೆಯಲ್ಲೇ ಮರಿಗೆ ಅಂಟುವುದರಿಂದ ಮನೆಯಾಚೆ ಕಾಲಿಡದ ಮರಿಯಲ್ಲೂ ಇರುತ್ತದೆ.

ಪಶುವೈದ್ಯರು ಸಾಮಾನ್ಯವಾಗಿ ಪೈರಾಂಟೆಲ್ ಎಂಬ ಹುಳುವಿನ ಔಷಧ ಕೊಡುತ್ತಾರೆ: ಕಿಲೋ ತೂಕಕ್ಕೆ 5 ಮಿ.ಗ್ರಾಂ. ಬಾಟಲಿಯ ಮೇಲೆ ಪೈರಾಂಟೆಲ್ ಪಾಮೋಯೇಟ್ (ಅದೇ ಔಷಧದ ಲವಣ ರೂಪ) ಲೆಕ್ಕವಿದ್ದರೆ ಅದೇ ಪ್ರಮಾಣ 14.4 ಮಿ.ಗ್ರಾಂ ಆಗುತ್ತದೆ; ಇಲ್ಲಿ ಎಡವುವವರು ಬಹಳ, ಹಾಗಾಗಿ ಮರಿಯನ್ನು ತೂಗಿಸಿ, ವೈದ್ಯರಿಂದಲೇ ಅಳತೆ ಬರೆಸಿಕೊಳ್ಳಿ. ಒಂದು ಡೋಸ್ ಸಾಲದು. ಔಷಧ ಕರುಳಿನ ಹುಳುವನ್ನಷ್ಟೇ ತೆಗೆಯುತ್ತದೆ, ಮೈಯೊಳಗೆ ಅಲೆಯುತ್ತಿರುವ ಲಾರ್ವಾಗಳು (ಮರಿಹುಳುಗಳು) ಮತ್ತೆ ಕರುಳಿಗೆ ಇಳಿಯುತ್ತವೆ. ಮರಿಗೆ ಎಂಟು ವಾರ ವಯಸ್ಸು ತುಂಬುವವರೆಗೆ ಎರಡು ವಾರಕ್ಕೊಮ್ಮೆ, ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ ಕೊಡಿಸಿ.

ಹುಳುವಿನ ಮೊಟ್ಟೆ ಬಾಯಿಗೆ ಹೋದರೆ ಮಗುವಿಗೂ ಸೋಂಕು ಬರಬಹುದು. ಆದರೆ ಆಗಷ್ಟೇ ಹಾಕಿದ ಮಲದಲ್ಲಿನ ಮೊಟ್ಟೆ ಸೋಂಕು ತರುವುದಿಲ್ಲ. ಮಣ್ಣಿನಲ್ಲಿ ಎರಡರಿಂದ ನಾಲ್ಕು ವಾರ ಬಲಿಯಬೇಕು. ಆದ್ದರಿಂದ ದಿನವೂ ಮಲ ಎತ್ತುವುದೇ ದೊಡ್ಡ ರಕ್ಷಣೆ. ಫಿನೈಲ್ ನಂಬಬೇಡಿ, ಮೊಟ್ಟೆಯ ಕವಚ ಬಲು ಗಟ್ಟಿ. ಸಿಮೆಂಟ್ ನೆಲಕ್ಕೆ ಕುದಿಯುವ ನೀರು ಸುರಿಯಿರಿ. ಮಗಳ ಉಗುರು ಕತ್ತರಿಸಿ, ಊಟಕ್ಕೆ ಮುಂಚೆ ಸೋಪಿನಲ್ಲಿ ಕೈ ತೊಳೆಸಿ, ಮಣ್ಣು ತಿನ್ನುವ ಅಭ್ಯಾಸವಿದ್ದರೆ ಬಿಡಿಸಿ.

ಮಗಳಿಗೆ ಬಿಡದ ಜ್ವರ, ಕೆಮ್ಮು, ಹೊಟ್ಟೆನೋವು ಬಂದರೆ, ಒಂದು ಕಣ್ಣು ಮಂಜಾದರೆ ಅಥವಾ ಮೆಳ್ಳೆಯಾದರೆ, ಮನೆಯಲ್ಲಿ ಮರಿ ಇರುವುದನ್ನು ವೈದ್ಯರಿಗೆ ಹೇಳಿ. ಈ ಹುಳು ಮನುಷ್ಯರ ಕರುಳಿನಲ್ಲಿ ಬೆಳೆದು ಮೊಟ್ಟೆ ಇಡುವುದಿಲ್ಲ. ಮಲ ಪರೀಕ್ಷೆಯಲ್ಲಿ ಸಿಗದು, ರಕ್ತ ಪರೀಕ್ಷೆಯೇ ಬೇಕು.