ದುಬೈಯಲ್ಲಿ ಮನೆ: ಬಾಡಿಗೆಗಿಂತ ಮೊದಲು ಏಸಿ ಬಿಲ್ ಕೇಳಿ

ಕುಂದಾಪುರದ ಓದುಗರೊಬ್ಬರು ಬರೆದಿದ್ದಾರೆ: ‘ಪತಿಗೆ ದುಬೈಯ ಮೀಡಿಯಾ ಸಿಟಿಯಲ್ಲಿ ಕೆಲಸ ಸಿಕ್ಕಿದೆ. ಮಗಳು ಮೂರನೇ ಕ್ಲಾಸು. ಮರೀನಾದಲ್ಲಿ ಒಂದು ಬೆಡ್‌ರೂಮಿನ “ಚಿಲ್ಲರ್ ಫ್ರೀ” ಫ್ಲ್ಯಾಟ್, ಕರಾಮಾದಲ್ಲಿ ಎರಡು ಬೆಡ್‌ರೂಮಿನ ಹಳೆಯ ಫ್ಲ್ಯಾಟ್ ನೋಡಿದ್ದೇವೆ. ಎರಡಕ್ಕೂ ವರ್ಷಕ್ಕೆ 90,000 ದಿರ್ಹಮ್. ಯಾವುದನ್ನು ಹಿಡಿಯೋಣ?’

ಬಾಡಿಗೆ ಒಂದೇ ಆದರೂ ಖರ್ಚು ಒಂದೇ ಆಗುವುದಿಲ್ಲ. ಮರುಭೂಮಿಯ ಊರಿನಲ್ಲಿ ಲೆಕ್ಕ ತಪ್ಪುವುದು ತಂಪಿನ ವಿಷಯದಲ್ಲಿ. ಮರೀನಾ ಕಡೆಯ ಅನೇಕ ಕಟ್ಟಡಗಳಿಗೆ ಏಸಿಯ ತಂಪು ನೀರು ಹೊರಗಿನ ದೊಡ್ಡ ಚಿಲ್ಲರ್ ಸ್ಥಾವರದಿಂದ ಬರುತ್ತದೆ. ಅದರ ಬಿಲ್ಲಿನಲ್ಲಿ ಎರಡು ಭಾಗ. ಬಳಸಿದಷ್ಟಕ್ಕೆ ಒಂದು, ಫ್ಲ್ಯಾಟಿಗೆ ಕಾದಿರಿಸಿದ ಸಾಮರ್ಥ್ಯಕ್ಕೆ ಇನ್ನೊಂದು. ಈ ಎರಡನೆಯದನ್ನು ಮನೆಗೆ ಬೀಗ ಹಾಕಿ ಊರಿಗೆ ಬಂದಿದ್ದರೂ ಕಟ್ಟಬೇಕು. ‘ಚಿಲ್ಲರ್ ಫ್ರೀ’ ಎಂದರೆ ಎರಡನ್ನೂ ಮಾಲೀಕರು ಕೊಡುತ್ತಾರೆಯೇ, ಅಥವಾ ಏಸಿ ನಿಮ್ಮದೇ ಕರೆಂಟ್ ಮೀಟರಿನಲ್ಲಿ ಓಡುವುದರಿಂದ ಬೇರೆ ಬಿಲ್ ಬರುವುದಿಲ್ಲ ಎಂದಷ್ಟೇ ಅರ್ಥವೇ? ಜಾಹೀರಾತುಗಳಲ್ಲಿ ಎರಡಕ್ಕೂ ಅದೇ ಮಾತು ಬಳಸುತ್ತಾರೆ. ಉತ್ತರವನ್ನು ಕರಾರಿನಲ್ಲೇ ಬರೆಸಿಕೊಳ್ಳಿ. ಹಿಂದಿನ ಬಾಡಿಗೆದಾರರ ಜುಲೈ, ಆಗಸ್ಟ್ ಬಿಲ್ ತೋರಿಸಿ ಎನ್ನಿ. ಚಳಿಗಾಲದ ಬಿಲ್ ನೋಡಿ ಪ್ರಯೋಜನವಿಲ್ಲ. ಕರಾಮಾದ ಮನೆಗೂ ಇದೇ ಮಾತು. ಅಲ್ಲಿ ಹಳೆಯ ವಿಂಡೋ ಏಸಿಗಳಿದ್ದರೆ ಕರೆಂಟ್ ಬಿಲ್ ಏರುವುದು ಖಂಡಿತ.

ಕೈಯಲ್ಲಿ ಎಷ್ಟು ಹಣ ಇರಬೇಕು ಎಂಬುದನ್ನೂ ಕೂಡಿಸಿಕೊಳ್ಳಿ. ವರ್ಷದ ಬಾಡಿಗೆಯನ್ನು ನಾಲ್ಕು ಚೆಕ್‌ಗಳಲ್ಲಿ ಕಟ್ಟುವ ಕರಾರಾದರೆ ಮೊದಲ ಚೆಕ್ 22,500. ಡಿಪಾಸಿಟ್ ಸಾಮಾನ್ಯವಾಗಿ ಬಾಡಿಗೆಯ ಶೇ 5, ಎಂದರೆ 4,500; ಪೀಠೋಪಕರಣ ಇದ್ದರೆ ಶೇ 10. ದಲ್ಲಾಳಿ ಕಮಿಷನ್ ಶೇ 5, ಅದರ ಮೇಲೆ ಶೇ 5 ವ್ಯಾಟ್, ಒಟ್ಟು 4,725. ನೀರು–ಕರೆಂಟು ಕೊಡುವ ಸರ್ಕಾರಿ ಸಂಸ್ಥೆ ‘ದೇವಾ’ದ (DEWA) ಡಿಪಾಸಿಟ್ ಫ್ಲ್ಯಾಟಿಗೆ 2,000. ಇಷ್ಟಕ್ಕೇ 33,725 ದಿರ್ಹಮ್ ಆಯಿತು. ಆಮೇಲೆ ವರ್ಷದ ಬಾಡಿಗೆಯ ಶೇ 5ರಷ್ಟು ಮುನಿಸಿಪಾಲಿಟಿ ಶುಲ್ಕ ತಿಂಗಳಿಗೆ 375ರಂತೆ ದೇವಾ ಬಿಲ್ಲಿನಲ್ಲೇ ಸೇರಿ ಬರುತ್ತದೆ. ಹೊಸಬರು ಇದನ್ನು ಕರೆಂಟಿನ ಹಣವೆಂದುಕೊಂಡು ಗಾಬರಿಯಾಗುವುದುಂಟು.

ಚೆಕ್‌ಗಳನ್ನು ಹಕ್ಕುಪತ್ರದಲ್ಲಿರುವ ಮಾಲೀಕರ ಹೆಸರಿಗೇ ಬರೆಯಿರಿ, ದಲ್ಲಾಳಿಯ ಹೆಸರಿಗೆ ಬೇಡವೇ ಬೇಡ. ಕರಾರನ್ನು ‘ಇಜಾರಿ’ಯಲ್ಲಿ, ಎಂದರೆ ಬಾಡಿಗೆ ಕರಾರುಗಳ ಸರ್ಕಾರಿ ನೋಂದಣಿ ವ್ಯವಸ್ಥೆಯಲ್ಲಿ ನೋಂದಾಯಿಸಿ. ಅದಿಲ್ಲದೆ ತಕರಾರು ಬಂದಾಗ ನಿಮ್ಮ ಮಾತಿಗೆ ಬಲ ಇರುವುದಿಲ್ಲ. ಬಾಡಿಗೆ ಏರಿಸಬೇಕಾದರೆ ಮಾಲೀಕರು ಅವಧಿ ಮುಗಿಯುವ 90 ದಿನ ಮೊದಲೇ ತಿಳಿಸಬೇಕು. ಮನೆ ಮಾರಲೆಂದೋ ಸ್ವಂತ ವಾಸಕ್ಕೆಂದೋ ಬಿಡಿಸುವುದಾದರೆ ನೋಟರಿ ಅಥವಾ ರಿಜಿಸ್ಟರ್ಡ್ ಅಂಚೆ ಮೂಲಕ 12 ತಿಂಗಳ ನೋಟಿಸ್ ಕೊಡಬೇಕು. ವಾಟ್ಸಾಪ್ ಸಂದೇಶ ನೋಟಿಸ್ ಆಗುವುದಿಲ್ಲ.

ಇನ್ನು ನಿಮ್ಮ ಪ್ರಶ್ನೆ. ನಮ್ಮ ಸಲಹೆ ಕರಾಮಾ, ಆದರೆ ಮಗಳಿಗೆ ಅದರ ಪಕ್ಕದ ಊದ್ ಮೇಥಾದ ಆಸುಪಾಸಿನ ಭಾರತೀಯ ಶಾಲೆಯಲ್ಲಿ ಸೀಟು ಖಚಿತವಾದ ಮೇಲೆ. ಮೊದಲು ಶಾಲೆ, ಆಮೇಲೆ ಮನೆ. ಕರಾಮಾದಲ್ಲಿ ದಿನಸಿ, ತರಕಾರಿ, ಊಟದ ಹೋಟೆಲು ನಡೆದು ಹೋಗುವಷ್ಟು ಹತ್ತಿರ. ಪತಿಯ ಆಫೀಸಿನ ಕಡೆಗೆ ಮೆಟ್ರೊ ರೆಡ್ ಲೈನ್ ಇದೆ. ಪಾರ್ಕಿಂಗ್ ಮಾತ್ರ ಕಷ್ಟ, ಕಾರು ಕೊಳ್ಳುವ ಯೋಚನೆಯಿದ್ದರೆ ಈಗಲೇ ವಿಚಾರಿಸಿ. ಶಾಲೆ ಮರೀನಾ ಕಡೆಯೇ ಸಿಕ್ಕಿದರೆ ಅಲ್ಲಿನ ಫ್ಲ್ಯಾಟೇ ಸರಿ, ಒಂದೇ ಬೆಡ್‌ರೂಮಿನಲ್ಲಿ ಮಗಳ ಓದಿಗೆ ಜಾಗ ಸಾಲುತ್ತದೆಯೇ ನೋಡಿಕೊಳ್ಳಿ. ಶಾರ್ಜಾದಲ್ಲಿ ಬಾಡಿಗೆ ಕಡಿಮೆ ನಿಜ. ಆದರೆ ಬೆಳಗಿನ ಟ್ರಾಫಿಕ್ಕಿನಲ್ಲಿ ಮೀಡಿಯಾ ಸಿಟಿ ತಲುಪುವುದು ದಿನವೂ ಸಂಕಟ.

ಮನೆ ನೋಡಲು ಮಧ್ಯಾಹ್ನ ಮೂರರ ಮೇಲೆ ಹೋಗಿ, ಪಡುವಣ ಗಾಜಿನ ಕೋಣೆ ಎಷ್ಟು ಕಾಯುತ್ತದೆಂದು ಆಗ ಗೊತ್ತಾಗುತ್ತದೆ. ಏಸಿಯ ಕೆಳಗೆ ಗೋಡೆಯಲ್ಲಿ ನೀರಿನ ಕಲೆಯಿದ್ದರೆ ಡ್ರೈನ್ ಪೈಪು ಧೂಳಿನಿಂದ ಕಟ್ಟಿಕೊಂಡಿರಬಹುದು. ಕೀ ತೆಗೆದುಕೊಳ್ಳುವ ಮೊದಲೇ ಸರಿಮಾಡಿಸಿ. ಬೇಸಿಗೆಯಲ್ಲಿ ಮಾಳಿಗೆ ಟ್ಯಾಂಕಿನ ನೀರು ನಲ್ಲಿಯಲ್ಲೇ ಸುಡುವಷ್ಟು ಬಿಸಿ ಬರುತ್ತದೆ. ಆಗ ಗೀಸರ್ ಆಫ್ ಮಾಡಿಡಿ. ಅದು ಮನೆಯೊಳಗಿದ್ದರೆ ಅದರಲ್ಲಿ ನಿಂತು ಆರಿದ ನೀರೇ ಸ್ನಾನಕ್ಕೆ ಹದ. ಶಾಲೆಯ ಬೇಸಿಗೆ ರಜೆಗೆ ಊರಿಗೆ ಹೊರಟಾಗ ಏಸಿ ಪೂರ್ತಿ ನಿಲ್ಲಿಸಬೇಡಿ. ಸಮುದ್ರದ ತೇವಕ್ಕೆ ಕಪಾಟಿನ ಬಟ್ಟೆ, ಚಪ್ಪಲಿಗೆಲ್ಲ ಬೂಷ್ಟು ಹಿಡಿಯುತ್ತದೆ. 26–27 ಡಿಗ್ರಿಗೆ ಇಟ್ಟು, ಕಪಾಟಿನ ಬಾಗಿಲುಗಳನ್ನು ತೆರೆದಿಟ್ಟು ಹೊರಡಿ.