ಟಿವಿಯಲ್ಲಿ ಕಂಡ ಜೋಗ ಎಲ್ಲಿ ಹೋಯಿತು?

ಪ್ರಶ್ನೆ: ಪ್ರವಾಸ ಕಾರ್ಯಕ್ರಮ ನೋಡಿ ಬೇಸಿಗೆ ರಜೆಯಲ್ಲಿ ಮನೆಮಂದಿಯೆಲ್ಲ ಜೋಗಕ್ಕೆ ಹೋದೆವು. ಟಿವಿಯಲ್ಲಿ ಭೋರ್ಗರೆದ ಜಲಪಾತ ಅಲ್ಲಿ ನೂಲಿನಂತಿತ್ತು. ಇದು ಗ್ರಾಫಿಕ್ಸ್ ಕೈಚಳಕವೇ?
— ಓದುಗರು, ರಾಣೆಬೆನ್ನೂರು

ಉತ್ತರ: ಗ್ರಾಫಿಕ್ಸ್ ಅಲ್ಲ, ತಿಂಗಳ ವ್ಯತ್ಯಾಸ. ಆಗಸ್ಟ್‌ನಲ್ಲಿ ತೆಗೆದದ್ದು ರಜೆಯ ಹೊತ್ತಿಗೆ ಏಪ್ರಿಲ್‌ನಲ್ಲಿ ಪ್ರಸಾರವಾಗುವುದುಂಟು. ಜೋಗದ ಮೇಲ್ಭಾಗದಲ್ಲಿ 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟೆಯಿದೆ. ಶರಾವತಿಯ ನೀರು ಅಲ್ಲಿ ನಿಂತು ವಿದ್ಯುತ್ ಉತ್ಪಾದನೆಗೆ ಹೋಗುತ್ತದೆ. ಗೇಟು ಮುಚ್ಚಿದ್ದಾಗ 253 ಮೀಟರ್ ಎತ್ತರದಿಂದ ಬೀಳುವುದು ಹೆಚ್ಚಾಗಿ ಅಣೆಕಟ್ಟೆಯ ಕೆಳಗಿನ ಹಳ್ಳಗಳ ನೀರು. ಬೇಸಿಗೆಯಲ್ಲಿ ಆ ಹಳ್ಳಗಳಲ್ಲೇ ನೀರಿರುವುದಿಲ್ಲ.

ದೃಶ್ಯ ನೋಡಿಯೇ ಕಾಲ ಗುರುತಿಸಬಹುದು. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಬೇರೆ ಬೇರೆ ಬಿಳಿ ಧಾರೆಗಳಾಗಿ ಕಂಡರೆ ಅದು ಮಳೆಗಾಲದ ಸಾಮಾನ್ಯ ನೀರು. ಕೆಂಪು ನೀರು ಬಂಡೆಯಗಲಕ್ಕೂ ಮಗುಚಿಕೊಳ್ಳುತ್ತಿದ್ದರೆ ಗೇಟು ತೆರೆದ ದಿನ. ಜಲಾಶಯದ ಪೂರ್ಣ ಮಟ್ಟ 1819 ಅಡಿ. ಅದರ ಸಮೀಪಕ್ಕೆ ಬಂದರೆ ಮಾತ್ರ ಗೇಟು ತೆರೆಯುತ್ತಾರೆ, ಮಳೆ ಕಡಿಮೆಯಾದ ವರ್ಷ ಅದೂ ಇಲ್ಲ. ಹೊರಡುವ ಮುನ್ನ ಪತ್ರಿಕೆಯ ಜಲಾಶಯ ಮಟ್ಟದ ಪಟ್ಟಿ ನೋಡಿ. ಜುಲೈನಲ್ಲಿ ನೀರಿದ್ದರೂ ಮಂಜು ಕಣಿವೆಯನ್ನೇ ನುಂಗಿರುತ್ತದೆ. ಚಿತ್ರತಂಡ ಮಂಜು ಸರಿಯುವ ಐದು ನಿಮಿಷಕ್ಕಾಗಿ ಅರ್ಧ ದಿನ ಕಾಯುತ್ತದೆ, ನಮಗೆ ತೋರಿಸುವುದು ಆ ಐದು ನಿಮಿಷವನ್ನೇ. ಮನೆಮಂದಿಯೊಂದಿಗೆ ಹೋಗಲು ಸೆಪ್ಟೆಂಬರ್, ಅಕ್ಟೋಬರ್ ವಾಸಿ.

ಚಿತ್ರೀಕರಣದ ತಿಂಗಳನ್ನು ಪರದೆಯ ಮೂಲೆಯಲ್ಲಿ ಹಾಕಿದರೆ ವಾಹಿನಿಗಳ ಗಂಟೇನೂ ಹೋಗುವುದಿಲ್ಲ.

ಪ್ರಶ್ನೆ: ಕಾಲೇಜಿನ ಮಾಧ್ಯಮ ವಿಭಾಗದಿಂದ ಬಾದಾಮಿ ಕುರಿತು 22 ನಿಮಿಷದ ಸಂಚಿಕೆ ಮಾಡಬೇಕು. ಎರಡೇ ದಿನ ಇದೆ. ಎಲ್ಲಿ ಎಡವುತ್ತೇವೆ?
— ವಿದ್ಯಾರ್ಥಿಗಳು, ಧಾರವಾಡ

ಉತ್ತರ: ಮೊದಲು ಅನುಮತಿಯಲ್ಲಿ. ಗುಹೆಗಳು ಭಾರತೀಯ ಪುರಾತತ್ವ ಸರ್ವೇಕ್ಷಣದ ಸುಪರ್ದಿಯಲ್ಲಿವೆ. ಟ್ರೈಪಾಡ್, ಲೈಟುಗಳೊಂದಿಗೆ ಚಿತ್ರೀಕರಿಸಲು ಲಿಖಿತ ಒಪ್ಪಿಗೆಯನ್ನು ವಾರಗಳ ಮೊದಲೇ ಕೇಳಿ. ಡ್ರೋನ್ ನೆಚ್ಚಿಕೊಂಡು ಚಿತ್ರಕಥೆ ಬರೆಯಬೇಡಿ.

ಎರಡನೆಯದು ಬೆಳಕು. ಮೊದಲ ಗುಹೆಯ ಹದಿನೆಂಟು ಕೈಗಳ ನಟರಾಜನನ್ನೂ ಹೊರಗಿನ ಆಕಾಶವನ್ನೂ ಒಂದೇ ಚೌಕಟ್ಟಿಗೆ ತಂದರೆ ಒಂದು ಕಪ್ಪಾಗುತ್ತದೆ, ಇಲ್ಲವೇ ಇನ್ನೊಂದು ಸುಟ್ಟಂತೆ ಬೆಳ್ಳಗಾಗುತ್ತದೆ. ಆಕಾಶ ಬಿಟ್ಟುಬಿಡಿ, ಎಕ್ಸ್‌ಪೋಷರನ್ನು (ಕ್ಯಾಮೆರಾ ಒಳಗೆ ಬಿಟ್ಟುಕೊಳ್ಳುವ ಬೆಳಕಿನ ಪ್ರಮಾಣ) ಶಿಲ್ಪಕ್ಕೆ ಹೊಂದಿಸಿ ಲಾಕ್ ಮಾಡಿ. ಮೂರನೇ ಗುಹೆಗೆ ಹೆಚ್ಚು ಹೊತ್ತು ಕೊಡಿ: ಚಾಲುಕ್ಯ ವಂಶದ ಮಂಗಳೇಶನ ಕ್ರಿ.ಶ. 578ರ ಶಾಸನ ಅಲ್ಲೇ ಇದೆ, ಇಡೀ ಕಥೆಗೆ ಗಟ್ಟಿ ತಾರೀಖು ಸಿಗುವುದು ಅದರಿಂದ. ಅಗಸ್ತ್ಯ ತೀರ್ಥದ ಪೂರ್ವ ದಂಡೆಯ ಭೂತನಾಥ ಗುಡಿಗೆ ಇಳಿಬಿಸಿಲು ನೇರವಾಗಿ ಬೀಳುತ್ತದೆ, ಅದನ್ನು ಸಂಜೆಗೇ ಇಟ್ಟುಕೊಳ್ಳಿ.

ಮೂರನೆಯದು ಮಂಗಗಳು. ತಿಂಡಿ ಚೀಲದ ಜತೆಗೆ ಮೈಕಿನ ತುಪ್ಪಳದ ಹೊದಿಕೆಯ ಮೇಲೂ ಕಣ್ಣಿರಲಿ. ಅದು ಹೋದರೆ ಬೆಟ್ಟದ ಗಾಳಿಗೆ ನಿರೂಪಣೆಯೆಲ್ಲ ಬರೀ ಗೊರಗೊರ.

ಪ್ರಶ್ನೆ: ಮೋಡಗಳು ಓಡುವ ದೃಶ್ಯ ಹೇಗೆ ತೆಗೆಯುತ್ತಾರೆ?
— ಓದುಗರು, ಮಡಿಕೇರಿ

ಉತ್ತರ: ಐದು ಸೆಕೆಂಡಿಗೊಂದು ಚಿತ್ರ ತೆಗೆದು, ಅವನ್ನು ಒಂದರ ಹಿಂದೊಂದು ವೇಗವಾಗಿ ಓಡಿಸುತ್ತಾರೆ. ಸೆಕೆಂಡಿಗೆ 25 ಚಿತ್ರದ ಲೆಕ್ಕದಲ್ಲಿ 10 ಸೆಕೆಂಡಿನ ದೃಶ್ಯಕ್ಕೆ 250 ಚಿತ್ರ ಬೇಕು, ಅಂದರೆ ಸುಮಾರು 21 ನಿಮಿಷ. ಫೋಕಸ್, ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಿಕೆ) ಮೂರನ್ನೂ ಆಟೋದಿಂದ ತೆಗೆಯಿರಿ, ಇಲ್ಲದಿದ್ದರೆ ದೃಶ್ಯ ಮಿಣುಕುತ್ತದೆ.