ಒಪ್ಪಿಸಿ ಬಂದದ್ದನ್ನು ಮತ್ತೆ ಎತ್ತಿಕೊಂಡಾಗ

ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಾಯಿಸಿ ಬರೆಯುತ್ತಿದ್ದೇನೆ.

ಆಪ್ತಸಲಹೆಗೆಂದು ನನ್ನ ಬಳಿ ಬಂದವರು ಐವತ್ತು ದಾಟಿದ ತಾಯಿ. ಮಗ ಜಗಳವಾಡಿ ಮನೆ ಬಿಟ್ಟು ಎರಡು ವರ್ಷವಾಗಿತ್ತು. ಫೋನ್ ಎತ್ತುತ್ತಿರಲಿಲ್ಲ. ರಾತ್ರಿ ಮೂರು ಗಂಟೆಗೆ ಎಚ್ಚರವಾಗುತ್ತಿತ್ತು. ಎದ್ದ ಕೂಡಲೇ ವಾಟ್ಸಾಪ್ ತೆಗೆದು, ಅವನು ಕೊನೆಯ ಸಲ ಎಷ್ಟು ಹೊತ್ತಿಗೆ ನೋಡಿದ್ದಾನೆ ಅಂತ ಹುಡುಕುತ್ತಿದ್ದರು.

“ಭಾನುವಾರ ಚರ್ಚಿನ ಸಭೆಯಲ್ಲಿ ಅವನನ್ನು ಕರ್ತನ ಕೈಗೆ ಒಪ್ಪಿಸಿ ಬರ್ತೀನಿ ಮೇಡಂ. ಮನೆ ಸೇರೋಷ್ಟರಲ್ಲಿ ವಾಪಸ್ ತಗೊಂಡಿರ್ತೀನಿ. ನನ್ನ ನಂಬಿಕೆಯೇ ಸುಳ್ಳಾ?”

ಚಿಂತೆ ಮಾಡುವುದೇ ಅವಿಶ್ವಾಸ ಎಂದು ಯಾರೋ ಅವರಿಗೆ ಹೇಳಿದ್ದರು. ಇಂಥ ಮಾತು ಕೇಳಿದರೆ ನನಗೆ ತುಂಬ ಸಂಕಟವಾಗುತ್ತದೆ. ಮಗನ ನೋವು ಒಂದು ಕಡೆ, ನೋಯುತ್ತಿದ್ದೇನಲ್ಲ ಎಂಬ ತಪ್ಪಿನ ಭಾವ ಇನ್ನೊಂದು ಕಡೆ. ಎರಡನ್ನೂ ಹೊತ್ತು ಅವರು ಸೋತಿದ್ದರು. ನಿದ್ದೆ, ಊಟ ಎರಡೂ ಕೆಟ್ಟಿದ್ದರಿಂದ ಮೊದಲು ವೈದ್ಯರನ್ನು ಕಾಣಲು ಹೇಳಿದೆ. ಔಷಧಿ ತೆಗೆದುಕೊಂಡರೆ ದೇವರ ಮೇಲಿನ ಭರವಸೆ ಕಡಿಮೆಯಾಯಿತು ಅಂತ ಅರ್ಥವಲ್ಲ ಎಂದೂ ಹೇಳಬೇಕಾಯಿತು.

ಎರಡನೇ ಭೇಟಿಯಲ್ಲಿ ಬೈಬಲಿನ ಮತ್ತಾಯ 26ನೇ ಅಧ್ಯಾಯದಲ್ಲಿ, ಬಂಧನಕ್ಕೆ ಮುಂಚೆ ಯೇಸು ಗೆತ್ಸೇಮನೆ ಎಂಬಲ್ಲಿ ಪ್ರಾರ್ಥಿಸಿದ ಭಾಗವನ್ನು ಇಬ್ಬರೂ ನಿಧಾನವಾಗಿ ಓದಿದೆವು. ಸಾಯುವಷ್ಟು ದುಃಖವಾಗಿದೆ ಎಂದು ಯೇಸು ಶಿಷ್ಯರಿಗೆ ಬಾಯಿಬಿಟ್ಟು ಹೇಳುತ್ತಾನೆ. ಮೊದಲ ಪ್ರಾರ್ಥನೆಯಲ್ಲಿ, ಸಾಧ್ಯವಾದರೆ ಈ ಪಾತ್ರೆ, ಅಂದರೆ ಬರಲಿರುವ ಸಂಕಟ, ನನ್ನನ್ನು ಬಿಟ್ಟು ಹೋಗಲಿ ಎಂದು ಬೇಡುತ್ತಾನೆ. ಅದೇ ಉಸಿರಿನಲ್ಲಿ ನಿನ್ನ ಚಿತ್ತದಂತೆ ಆಗಲಿ ಎನ್ನುತ್ತಾನೆ. ಸ್ವಲ್ಪ ಹೊತ್ತಿಗೆ ಎದ್ದು ಬರುತ್ತಾನೆ, ಮತ್ತೆ ಹೋಗುತ್ತಾನೆ. ಮೂರನೆಯ ಸಲವೂ ಅದೇ ಮಾತನ್ನು ಹೇಳಿ ಪ್ರಾರ್ಥಿಸಿದನು ಎಂದಿದೆ.

ತಾಯಿ ಅಲ್ಲೇ ಬೆರಳಿಟ್ಟು ನಿಂತರು. “ಮೂರು ಸಲ?”

“ಹೌದು. ಒಪ್ಪಿಸಿಕೊಡಲು ಆತನೇ ಮತ್ತೆ ಮತ್ತೆ ಹೋದ, ಅಲ್ವಾ? ನೀವು ಮೂವತ್ತು ಸಲ ಹೋದರೆ ತಪ್ಪೇನು?”

ಅವರು ಅತ್ತರು. ನಾನು ಸುಮ್ನೆ ಕೂತಿದ್ದೆ.

ಕೆನೆತ್ ಪಾರ್ಗಮೆಂಟ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಜೊತೆಗಾರರು 1988ರಲ್ಲಿ, ಕಷ್ಟ ಬಂದಾಗ ಭಕ್ತರು ನಡೆಯುವ ಮೂರು ದಾರಿಗಳನ್ನು ಗುರುತಿಸಿದರು. ಕೆಲವರು ಎಲ್ಲವನ್ನೂ ತಾವೇ ಮಾಡುತ್ತಾರೆ. ಕೆಲವರು ಎಲ್ಲವನ್ನೂ ದೇವರಿಗೇ ಬಿಟ್ಟು ಕೈಕಟ್ಟಿ ಕೂರುತ್ತಾರೆ. ಇನ್ನು ಕೆಲವರು ದೇವರ ಜೊತೆಗೂಡಿ ನಡೆಯುತ್ತಾರೆ. ಈ ತಾಯಿ ಹಗಲು ಎರಡನೆಯವರಂತೆ, ರಾತ್ರಿ ಮೊದಲನೆಯವರಂತೆ ಇದ್ದರು. ಮೂರನೆಯ ದಾರಿ ಹಿಡಿಯಲು ಯಾವುದು ತಮ್ಮ ಪಾಲು, ಯಾವುದು ದೇವರ ಪಾಲು ಎಂದು ತಿಳಿಯಬೇಕಿತ್ತು. ಮಗನ ಮನಸ್ಸು ತಿರುಗಿಸುವುದು ಅವರ ಪಾಲಿನ ಕೆಲಸವಾಗಿರಲಿಲ್ಲ. ಬಾಗಿಲು ತೆರೆದಿಡುವುದು ಅವರದೇ ಕೆಲಸ.

ಹಾಗಾಗಿ ಕೊಟ್ಟ ಸಲಹೆ ಚಿಕ್ಕದು. ತಿಂಗಳಿಗೊಂದು ಸಂದೇಶ ಕಳಿಸಿ, ಅದರಲ್ಲಿ ದೂರು ಬೇಡ, ಉತ್ತರ ಕೇಳುವುದೂ ಬೇಡ. ಮಲಗುವಾಗ ಫೋನ್ ಬೇರೆ ಕೋಣೆಯಲ್ಲಿರಲಿ. ಎಚ್ಚರವಾದರೆ ಬೈಬಲಿನ 13ನೇ ಕೀರ್ತನೆ ಓದಿ. ಅದರ ಮೊದಲೆರಡು ವಚನಗಳಲ್ಲೇ ‘ಎಷ್ಟರವರೆಗೆ’ ಎಂಬ ಕೂಗು ನಾಲ್ಕು ಸಲ ಬರುತ್ತದೆ. ನಿಮ್ಮ ಸಿಟ್ಟನ್ನೂ ದೇವರ ಮುಂದೆ ಹಾಗೆಯೇ ಹೇಳಿ. ಆಮೇಲೆ ಮುಚ್ಚಿದ ಅಂಗೈ ಬಿಚ್ಚಿ, ಮಗನ ಹೆಸರು ಹೇಳಿ, ಈ ರಾತ್ರಿಯ ಮಟ್ಟಿಗೆ ನೀನೇ ನೋಡಿಕೋ ಅನ್ನಿ. ನಾಳೆಯದನ್ನು ನಾಳೆ ಒಪ್ಪಿಸಿದರೆ ಸಾಕು.

ಸಿಟ್ಟಿನ ಮಾತು ಅವರಿಗೆ ಕಷ್ಟವಾಯಿತು. ದೇವರನ್ನು ಗದರಿಸಿದಂತೆ ಅನ್ನಿಸಿ ಎರಡು ವಾರ ಬಾಯಿಯೇ ಬರಲಿಲ್ಲವಂತೆ. ಮೂರನೇ ವಾರ ಮಾತು ಬಂತು.

ಮಗ ಇನ್ನೂ ಮಾತಾಡಿಲ್ಲ. ಐದನೇ ಭೇಟಿಯಲ್ಲಿ ಅವರು ಹೇಳಿದರು: “ನಿನ್ನೆಯೂ ಮೂರಕ್ಕೆ ಎಚ್ಚರ ಆಯ್ತು. ಅವನನ್ನು ಕರ್ತನಿಗೆ ಒಪ್ಪಿಸಿದೆ. ಮತ್ತೆ ಕಣ್ಣು ಬಿಟ್ಟಾಗ ಬೆಳಗಾಗಿತ್ತು ಮೇಡಂ.”